ಬಲಗಡೆಯ ಹೂ

೧೦-೮-೧೯೯೮, ಸೋಮವಾರ, ಬೈಲಹೊಂಗಲ

ನಿದ್ದೆ ಹತ್ತುತ್ತಿಲ್ಲ. ಬೆಳಿಗ್ಗೆ ಕಾಲೇಜಿನಲ್ಲಿ ಆ ಗ್ರೀಕ್ ದುರಂತ ನಾಟಕದ ಪಾಠ ಮುಗಿಯಿತು. ಭವಿಷ್ಯವಾಣಿಗೆ ಹೆದರಿ ಓಡಿದ ರಾಜ ಓಡಿದ್ದರಿಂದಲೇ ಸಿಕ್ಕಿಬಿದ್ದ. ‘ಓಡದೇ ಇರಬಹುದಿತ್ತಲ್ಲ ಸರ್?’ ಎಂದು ಎದ್ದು ನಿಂತು ಕೇಳಿದವಳು ನಾನೇ.

ಸಂಜೆ ಮುನವಳ್ಳಿಯ ವರನ ಬಗ್ಗೆ ದೇವರಿಗೆ ಹೂ ಕೇಳಲು ಅವ್ವ ಗುಡಿಗೆ ಕರೆದೊಯ್ದಳು. ಮೂರ್ತಿಯ ಎರಡೂ ಬದಿಗೆ ಅಂಟಿಸಿದ ಹೂಗಳಲ್ಲಿ ಬಲಗಡೆಯದು ಮೊದಲು ಬಿದ್ದರೆ ಒಪ್ಪಿಗೆ, ಎಡಗಡೆಯದಾದರೆ ಬೇಡ. ಎಡಗಡೆಯದು ಬಿತ್ತು. ನನಗೆ ಒಳಗೊಳಗೇ ಹಿಗ್ಗು.

“ಹೂ ಸರಿ ಹತ್ತಿದ್ದಿಲ್ಲರಿ ಅಯ್ಯಾರ, ಇನ್ನೊಮ್ಮೆ ಹಚ್ರಿ,” ಎಂದಳು ಅವ್ವ ಪೂಜಾರಿಗೆ. ಮತ್ತೆ ಎಡಗಡೆಯದೇ. ಮೂರನೆಯ ಸಲ ಬಲಗಡೆಯದು ಬಿತ್ತು.

“ನಿನ್ನ ಹಣ್ಯಾಗ ಮುನವಳ್ಳೀನ ಬರದೈತಿ ನೋಡವಾ,” ಎಂದಳು ದಾರಿಯಲ್ಲಿ.

ರಾಜನ ಮೇಲೆ ಎಷ್ಟು ಸಿಟ್ಟಾಗಿದ್ದೆ! ದೇವರು ಎರಡು ಸಲ ಬೇಡ ಎಂದ. ನಾನು ಒಂದು ಸಲವೂ ಅನ್ನಲಿಲ್ಲ.