ಹಿಮ ಹತ್ತಿದ ಟೂ-ಸ್ಟ್ರೋಕು

ಡ್ಯಾನ್‌ವಿಲ್, ಕ್ಯಾಲಿಫೋರ್ನಿಯಾ
9 ಮಾರ್ಚ್ 2025

ಪ್ರೀತಿಯ ಸಾಲೇಹಾ,

ನಿನ್ನ ಪತ್ರ ಬಂದಮೇಲೆ ದೀಪಾವಳಿ ಹೋಯಿತು, ಸಂಕ್ರಾಂತಿ ಹೋಯಿತು. ನೀನು ರಂಜಾನಿನ ಉಪವಾಸದಲ್ಲಿರುವ ಹೊತ್ತಿಗೆ ಉತ್ತರ ಬರೆಯಲು ಕೂತಿದ್ದೇನೆ. ಬೈಯುವುದಾದರೆ ಪೂರ್ತಿ ಓದಿ ಆಮೇಲೆ ಬೈ. ಅಮ್ಮೀಜಾನ್ ಅವರ ಮಂಡಿನೋವು ಹೇಗಿದೆ? ಮೈಸೂರಿನಲ್ಲಿ ಆಗಲೇ ಸೆಕೆ ಶುರುವಾಗಿರಬೇಕು. ನಿನ್ನ ಕ್ಲಿನಿಕ್ಕಿನ ಮುಂದೆ ಚಪ್ಪಲಿ ರಾಶಿ ಎಂದಿನಂತೆ ಇದೆ ತಾನೆ?

ಇಲ್ಲಿ ಅನಂತ್ ಈಗಲೂ ರೆಡ್‌ವುಡ್ ಸಿಟಿಯ ಆಫೀಸಿಗೆ ಓಡಾಡುತ್ತಿದ್ದಾರೆ. ಮಗಳು ವಿಭಾ ಬರ್ಕ್ಲಿಯಲ್ಲಿ ಪಿಎಚ್‌ಡಿ ಮುಗಿಸುವ ಅವಸರದಲ್ಲಿದ್ದಾಳೆ. ಶನಿವಾರ ಬಟ್ಟೆಯ ಗಂಟು ಹೊತ್ತು ಮನೆಗೆ ಬರುತ್ತಾಳೆ. ಇನ್ನು ನಾನು. ಕಳೆದ ಬೇಸಿಗೆಯಲ್ಲಿ ಆಪರೇಷನ್ ಥಿಯೇಟರಿನ ಕೆಲಸ ಬಿಟ್ಟವಳು ಸೋಫಾದ ಮೇಲೆ ಕಾಲು ಚಾಚಿ ಕೂತಿದ್ದೇನೆ ಎಂದುಕೊಂಡಿದ್ದೀಯಲ್ಲ? ಒಂದು ಗಾಡಿ ಕಟ್ಟಿದೆ ಕಣೇ. ಹಿಮದ ಮೇಲೆ ಓಡುವ ಬೈಕು!

ಇಲ್ಲೇ ಪಕ್ಕದ ಸ್ಯಾನ್ ರಮೋನಿನಲ್ಲಿ ಒಬ್ಬರು ಮನೆ ಖಾಲಿ ಮಾಡುತ್ತ ಹಳೆಯ ಸಾಮಾನು ಮಾರುತ್ತಿದ್ದರು. ನಾನೂ ವಿಭಾಳೂ ಪುಸ್ತಕದ ಕಪಾಟು ನೋಡಲು ಹೋಗಿದ್ದೆವು. ಮೂಲೆಯಲ್ಲೊಂದು ಹಳೇ ಟೂ-ಸ್ಟ್ರೋಕ್ ಬೈಕು ನಿಂತಿತ್ತು. ಯಜಮಾನ ಒಂದು ಕಿಕ್ ಹೊಡೆದ. ಆ ನೀಲಿ ಹೊಗೆ, ಆ ಸುಟ್ಟ ಆಯಿಲಿನ ವಾಸನೆ! ನಿನ್ನ ಅಣ್ಣನಿಗೆ ಹೇಳದೆ ಅವನ ಯೆಜ್ಡಿಯನ್ನು ನಾವಿಬ್ಬರೂ ಚಾಮುಂಡಿಬೆಟ್ಟ ಹತ್ತಿಸಿದ್ದು ನೆನಪಾಗಿ ಅಲ್ಲೇ ನಿಂತುಬಿಟ್ಟೆ. ಕಪಾಟಿನ ಬದಲು ಬೈಕು ಮನೆಗೆ ಬಂತು.

ಹಿಮದ ಯೋಚನೆ ವಿಭಾಳದು. "ಅಮ್ಮ, ವೀಲ್ಸ್ ತೆಗೆದು ಮುಂದೆ ಸ್ಕೀ, ಹಿಂದೆ ಟ್ರ್ಯಾಕ್ ಹಾಕಿದ್ರೆ ಇಟ್ಸ್ ಎ ಸ್ನೋ ಬೈಕ್. ವೀ ಕ್ಯಾನ್ ಡೂ ಇಟ್" ಅಂದಳು. ಟ್ರ್ಯಾಕ್ ಎಂದರೆ ಯುದ್ಧದ ಟ್ಯಾಂಕಿಗೆ ಇರುತ್ತದಲ್ಲ, ಹಾಗೆ ಸುತ್ತುವ ರಬ್ಬರಿನ ಅಗಲ ಪಟ್ಟಿ; ಮೈತುಂಬ ಹಲ್ಲು. ಯಾರೋ ಬಳಸಿ ಬಿಟ್ಟದ್ದು ಸಿಕ್ಕಿತು, ಆದರೆ ಅದು ಬೇರೆ ಬೈಕಿಗೆ ಮಾಡಿದ್ದು. ನಮ್ಮದಕ್ಕೆ ಹಿಡಿಸಿದರೆ ಮೂತಿ ಒಂದು ಕಡೆ, ಬಾಲ ಒಂದು ಕಡೆ. ಸೀರಿಯಲ್ ಡಬ್ಬದ ರಟ್ಟು ಕತ್ತರಿಸಿ ಅಳತೆ ಹಿಡಿದು, ಅದರಂತೆ ಉಕ್ಕಿನ ಪಟ್ಟಿ ಕೊಯ್ಸಿ ಹೊಸ ಹಿಡಿಕೆಗಳನ್ನು ಮಾಡಿದೆ. ಮೊದಲಿನ ಎರಡು ಜೊತೆ ಕಸದ ಬುಟ್ಟಿಗೆ ಹೋದವು. ಅಳತೆ ನನ್ನದು, ವೆಲ್ಡಿಂಗು ವಿಭಾಳದು.

ಗರಾಜಿನ ಹೊಗೆಗೆ ಒಣಗಬಾರದೆಂದು ಕರಿಬೇವಿನ ಕುಂಡವನ್ನು ಲಿವಿಂಗ್ ರೂಮಿಗೆ ತಂದಿಟ್ಟಾಗ ಅನಂತ್ ತಾಳ್ಮೆ ಕೆಟ್ಟಿತು. "ವೇದಾ, ಈ ವಯಸ್ಸಲ್ಲಿ ಜನ ಗಾರ್ಡನಿಂಗು ಮಾಡ್ತಾರೆ" ಅಂದರು.

"ಹಾಗಾದ್ರೆ ಈ ಗಿಡಕ್ಕೆ ನೀವೇ ನೀರು ಹಾಕಿ" ಅಂದೆ. ಪಾಪ, ದಿನಾ ಹಾಕಿದರು.

ಜನವರಿಯಲ್ಲಿ ಸಿಯೆರಾ ಬೆಟ್ಟಕ್ಕೆ ಗಾಡಿ ಸಾಗಿಸಿದೆವು. ನಮ್ಮ ಗರಾಜಿನಲ್ಲಿ ಗುಡುಗುತ್ತಿದ್ದ ಇಂಜಿನ್ನು ಅಲ್ಲಿ ಕೆಮ್ಮತೊಡಗಿತು. ಒಂದು ಇಳಿಜಾರು ಅರ್ಧ ಹತ್ತುವಷ್ಟರಲ್ಲಿ ಉಸಿರು ನಿಂತು, ಗಾಡಿ ಪಕ್ಕಕ್ಕೆ ವಾಲಿ, ನಾನು ಸೊಂಟದವರೆಗೆ ಹಿಮದಲ್ಲಿ ಹೂತುಹೋದೆ. ದೊಡ್ಡ ದೊಡ್ಡ ಸ್ನೋಮೊಬೈಲುಗಳಲ್ಲಿ ಬಂದಿದ್ದ ಹುಡುಗರು ಹಗ್ಗ ಕಟ್ಟಿ ಎಳೆದರು. ಒಬ್ಬ ವಿಭಾಳನ್ನು ಕೇಳಿದ: "ಯುವರ್ ಮಾಮ್ ಓಕೆ?" ಅವನ ದನಿಯಲ್ಲಿದ್ದ ಕನಿಕರಕ್ಕೆ ನನ್ನ ಮೈ ಉರಿಯಿತು.

ಮನೆಗೆ ಬಂದು ಪ್ಲಗ್ ಬಿಚ್ಚಿದರೆ ಕಪ್ಪಗೆ, ಒದ್ದೆ. ಆಗ ಅರ್ಥವಾಯಿತು. ಎತ್ತರದಲ್ಲಿ ಗಾಳಿ ತೆಳು. ನಾವು ಸಮುದ್ರಮಟ್ಟದ ಲೆಕ್ಕದಲ್ಲಿ ಪೆಟ್ರೋಲು ಉಣಿಸುತ್ತಿದ್ದೆವು, ಅದಕ್ಕೆ ಅಷ್ಟು ಅರಗುತ್ತಿರಲಿಲ್ಲ. ಕಾರ್ಬೊರೇಟರಿನೊಳಗೆ ಜೆಟ್ ಎಂಬ ಪುಟ್ಟ ಹಿತ್ತಾಳೆ ತಿರುಪಿದೆ; ಅದರ ಸಣ್ಣ ತೂತಿನಿಂದಲೇ ಪೆಟ್ರೋಲು ಹೋಗಬೇಕು. ಇನ್ನೂ ಸಣ್ಣ ತೂತಿನವು ಒಂದಷ್ಟು ತರಿಸಿದೆ. ಇಂಜಿನ್ನು ತೀರಾ ತಣ್ಣಗಾಗದಂತೆ ರೇಡಿಯೇಟರಿಗೆ ಹೊದಿಕೆ ಹೊಲಿದೆ. ಟ್ರ್ಯಾಕಿಗೆ ಬಲ ಸಾಲದೆಂದು ಚೈನಿನ ಹಲ್ಲುಚಕ್ರವನ್ನೂ ಬದಲಿಸಿದೆವು.

ಕಳೆದ ಭಾನುವಾರ ಮತ್ತೆ ಹೋದೆವು. ಈ ಸಲ ಅನಂತ್ ಕೂಡ ಬಂದರು, ಕಾಫಿ ಫ್ಲಾಸ್ಕಿನ ಸಮೇತ. ಪಾರ್ಕಿಂಗಿನಲ್ಲೇ ಜೆಟ್ ಬದಲಿಸಲು ಕೂತೆ. ಒಂದು ನನ್ನ ಕೈಜಾರಿ ಹಿಮದಲ್ಲಿ ಮುಳುಗಿಹೋಯಿತು. "ಇಟ್ಸ್ ಫ್ರೀಜಿಂಗ್, ಕೊಡು ಇಲ್ಲಿ" ಎಂದು ವಿಭಾ ಇನ್ನೊಂದನ್ನು ತಾನೇ ಹಾಕಿದಳು. ಕಿಕ್ ಹೊಡೆದೆ. ಅಬ್ಬ ಸಾಲೇಹಾ, ಆ ಸದ್ದು! ಕೆಮ್ಮು ಇಲ್ಲ, ತೊದಲು ಇಲ್ಲ.

ಅದೇ ಇಳಿಜಾರು. ನಾನು ಹೂತುಹೋಗಿದ್ದ ಜಾಗ ಬಂದಾಗ ಆಕ್ಸಿಲರೇಟರು ಪೂರ್ತಿ ತಿರುವಿದೆ. ಹಿಂದಿನ ಪಟ್ಟಿ ಹಿಮವನ್ನು ಕಾರಂಜಿಯಂತೆ ಎಸೆಯುತ್ತ ಗಾಡಿಯನ್ನು ಮೇಲಕ್ಕೆ ನೂಕಿತು. ಪೈನ್ ಮರಗಳು ಕೆಳಗೆ ಉಳಿದವು. ನೆತ್ತಿಯಲ್ಲಿ ಇಂಜಿನ್ನು ನಿಲ್ಲಿಸಿ ಎದ್ದು ನಿಂತೆ. ಸುತ್ತಲೂ ಬಿಳಿ, ಮೇಲೆ ನೀಲಿ. "ಹತ್ತಿಸಿದೆ ಕಣೇ!" ಎಂದು ಕೂಗಿದೆ. ನಿನಗೇ ಕೂಗಿದ್ದು, ಮತ್ತಾರಿಗೆ? ಕೆಳಗೆ ಅನಂತ್ ಎರಡೂ ಕೈ ಎತ್ತಿ, ಕಾಫಿ ಚೆಲ್ಲಿಕೊಂಡು ಕುಣಿಯುತ್ತಿದ್ದರು.

ಇಳಿದು ಬಂದರೆ ಅಪರಿಚಿತರು ನಾಲ್ಕೈದು ಜನ ಗಾಡಿಯ ಸುತ್ತ ಸೇರಿದರು. ಎಲ್ಲಿ ಮಾಡಿಸಿದಿರಿ ಎಂದು ಕೇಳಿದರು. ನಾನು ಹೆಲ್ಮೆಟ್ ತೆಗೆಯುವ ಮೊದಲೇ ವಿಭಾ ಅಂದಳು: "ಮೈ ಮಾಮ್ ಬಿಲ್ಟ್ ಇಟ್." ಎಷ್ಟೋ ಆಪರೇಷನ್ನುಗಳಾದಮೇಲೆ ಎಷ್ಟೋ ಜನ ನನಗೆ ಕೈಮುಗಿದಿದ್ದಾರೆ. ಇಷ್ಟು ಹೆಮ್ಮೆ ಯಾವತ್ತೂ ಆಗಿರಲಿಲ್ಲ. ವಿಭಾಳೂ ಒಂದು ಸುತ್ತು ಹೋಗಿಬಂದಳು. ಅನಂತ್ ಕೂಡ ಹಿಂದೆ ಸೀಟಿಲ್ಲವಲ್ಲ ಎಂದು ಪೇಚಾಡಿದರು!

ಅಮ್ಮೀಜಾನ್ ಅವರಿಗೆ ನನ್ನ ನಮಸ್ಕಾರ ಹೇಳು, ನಿನ್ನ ಮೊಮ್ಮಕ್ಕಳಿಗೆ ಮುತ್ತು. ಹಬ್ಬದ ದಿನ ಸೇವಿಗೆ ಪಾಯಸದ ಒಂದು ಬಟ್ಟಲು ನನ್ನ ಹೆಸರಿನಲ್ಲಿ ನೀನೇ ಕುಡಿ. ನಿಮ್ಮ ಮನೆ ಯಾವಾಗಲೂ ತುಂಬಿರಲಿ.

ನಿನ್ನ
ವೇದವತಿ

ತಾ.ಕ.: ಥಿಯೇಟರ್ ಯಾಕೆ ಬಿಟ್ಟೆ ಎಂದು ನೀನು ಕೇಳಿದ್ದೆ. ಬೇಜಾರಾಯಿತು ಎಂದು ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ಪಾರ್ಕಿನ್ಸನ್, ಸಾಲೇಹಾ. ನೀನೂ ಡಾಕ್ಟರು, ಬಿಡಿಸಿ ಹೇಳಬೇಕಿಲ್ಲ. ಅನಂತ್‌ಗೆ ಗೊತ್ತು; ವಿಭಾಳಿಗೆ ಅವಳ ಥೀಸಿಸ್ ಮುಗಿದ ಮೇಲೆ ಹೇಳೋಣ ಎಂದುಕೊಂಡಿದ್ದೇವೆ. ಆವತ್ತು ಅವಳು ಬೈಕಿನಿಂದ ಇಳಿದವಳೇ ಗ್ಲೌಸ್ ಕಿತ್ತು, "ಅಮ್ಮ, ನೋಡು ನನ್ನ ಕೈ, ಹೇಗೆ ಶೇಕ್ ಆಗ್ತಿದೆ! ನಿಂದೂ!" ಎಂದು ನಕ್ಕಳು. ಇಬ್ಬರೂ ಕೈಗಳನ್ನು ಪಕ್ಕಪಕ್ಕ ಚಾಚಿ ನಕ್ಕೆವು. ಆ ಇಂಜಿನ್ನು ಹಿಡಿದರೆ ಯಾರ ಕೈಯಾದರೂ ನಡುಗುತ್ತದೆ. ಅನಂತ್ ನಮಗೆ ಬೆನ್ನು ಮಾಡಿ ಫ್ಲಾಸ್ಕಿನ ಮುಚ್ಚಳ ತೆಗೆಯುತ್ತ ಬಹಳ ಹೊತ್ತು ನಿಂತಿದ್ದರು. ಕಾಫಿ ಕುಡಿದು ಮುಗಿಸುವಷ್ಟರಲ್ಲಿ ವಿಭಾಳ ಕೈ ನಿಂತಿತು. ನಾನು ನನ್ನದಕ್ಕೆ ಮತ್ತೆ ಗ್ಲೌಸ್ ಹಾಕಿಕೊಂಡೆ.