ನಾಲ್ಕನೇ ನಂಬರಿನ ಸ್ಟೇಷನ್

ಹಾನುಬಾಳು
9 ಮಾರ್ಚ್ 2009, ಸೋಮವಾರ

ಪ್ರೀತಿಯ ಚೈತ್ರಾ ಅತ್ತಿಗೆಗೆ,

ನಿಮ್ಮ ತಮ್ಮ ಪ್ರವೀಣ್ ಅವರ ಹೆಂಡತಿ ನವ್ಯಶ್ರೀ ಮಾಡುವ ನಮಸ್ಕಾರಗಳು. ಮದುವೆಯಾಗಿ ಮೂರು ತಿಂಗಳಾದ ಮೇಲೆ ಬರೆಯುತ್ತಿದ್ದೇನೆ, ತಡವಾಯಿತೆಂದು ಬೈಯಬೇಡಿ. ಈ ಮನೆಗೆ ಒಬ್ಬಳು ಮಗಳೂ ಇದ್ದಾಳೆ ಎಂಬುದೇ ನನಗೆ ನಿನ್ನೆ ಗೊತ್ತಾಯಿತು. ಮೈಸೂರಿನಲ್ಲಿ ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂ, ಕನ್ನಡದಲ್ಲಿ ಇಷ್ಟುದ್ದ ಬರೆದವಳೇ ಅಲ್ಲ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ವಿಳಾಸ ನೀವೇ ರೇಡಿಯೋದಲ್ಲಿ ಹೇಳಿದ್ದು, ಪುಣೆಯ ಆ ಪೋಸ್ಟ್ ಬಾಕ್ಸ್ ನಂಬರ್.

ನನಗೆ ಈ ಮನೆ ತುಂಬಾ ತುಂಬಾ ಇಷ್ಟವಾಗಿಬಿಟ್ಟಿದೆ. ಇವರು ಜೀಪ್ ಓಡಿಸಲು ಕಲಿಸುತ್ತಿದ್ದಾರೆ. ಅತ್ತೆ ಕಡುಬು ಕಲಿಸುತ್ತಿದ್ದಾರೆ. ನನ್ನ ಮೊದಲ ಕಡುಬನ್ನು ಕೈಯಲ್ಲಿ ಹಿಡಿದು ತೂಗಿ, "ಇದ್ನ ಎಸೆದ್ರೆ ತೋಟದ ಮಂಗ ಎಲ್ಲ ಓಡೋಯ್ತವೆ ಕಣವ್ವ" ಎಂದರು. ಈ ಮನೆಯಲ್ಲಿ ಯಾರೂ ಏನನ್ನೂ ಮುಚ್ಚಿಡುವುದಿಲ್ಲ ಎಂದು ನಮ್ಮಮ್ಮನಿಗೆ ಫೋನಿನಲ್ಲಿ ಹೇಳಿದ್ದೆ. ಪೆದ್ದಿ ನಾನು.

ಹಜಾರದಲ್ಲಿ ಇಂಟರ್ನೆಟ್ ರೇಡಿಯೋ ಬರುವ ದೊಡ್ಡ ಸೆಟ್ ಒಂದಿದೆ. ಆನ್ ಮಾಡಿದ ಕೂಡಲೇ ಅದು ಯಾವ ಸ್ಟೇಷನ್ ಎಲ್ಲಿದೆ ಎಂದು ಕಂಪೆನಿಯ ಕಂಪ್ಯೂಟರನ್ನು ಕೇಳುತ್ತಿತ್ತಂತೆ. ಹೋದ ವರ್ಷ ಕಂಪೆನಿ ಆ ಸೇವೆಯನ್ನೇ ನಿಲ್ಲಿಸಿತು. ಸೆಟ್ ಮೂಕವಾಯಿತು. ಆಗ ಇವರು ಕಾಫಿ ಸ್ಟೋರಿನಲ್ಲಿದ್ದ ಹಳೇ ಕಂಪ್ಯೂಟರಿನಲ್ಲಿ ತಮ್ಮದೇ ಡೈರೆಕ್ಟರಿ, ಅಂದರೆ ಸ್ಟೇಷನ್ನುಗಳ ವಿಳಾಸದ ಪಟ್ಟಿ, ಮಾಡಿಟ್ಟು, ಅದೇ ಕಂಪೆನಿ ಎಂದು ಸೆಟ್ಟನ್ನು ನಂಬಿಸಿದ್ದಾರೆ. ಎಷ್ಟು ಜಾಣರು ನೋಡಿ ನನ್ನ ಗಂಡ. ಒಂದಕ್ಕೆ ವಾರ್ತೆ, ಎರಡಕ್ಕೆ ಭಜನೆ, ಮೂರಕ್ಕೆ ಹಳೇ ಹಾಡು. ನಾಲ್ಕು ಒತ್ತಿದರೆ ಮಾತ್ರ ಏನೂ ಇಲ್ಲ. ಆದರೂ ಪ್ರತಿ ಭಾನುವಾರ ಅತ್ತೆ ನಾಲ್ಕನ್ನೇ ಒತ್ತಿ, ಸ್ವಲ್ಪ ಹೊತ್ತು ಕಾದು, ಎದ್ದು ಹೋಗುತ್ತಿದ್ದರು.

"ನಾಲ್ಕರಲ್ಲಿ ಏನ್ ಬರ್ತಿತ್ತು ಅತ್ತೆ?" ಎಂದು ಕೇಳಿದೆ.

"ಪೂನಾದಿಂದ ಯಾವ್ದೋ ಒಂದು ಹೆಂಗ್ಸು ಮಾತಾಡದು. ಬುಡು, ಏನ್ ದೊಡ್ಡದು" ಎಂದರು.

ನಾನು ಬಿಡುವವಳೇ? ಪುಣೆಯ ಆ ಕನ್ನಡ ಸ್ಟೇಷನ್ ಹುಡುಕಿ ನಾಲ್ಕಕ್ಕೆ ಹಾಕಿಬಿಟ್ಟೆ. ಇವರಿಗೂ ಹೇಳಲಿಲ್ಲ, ಸರ್ಪ್ರೈಸ್ ಇರಲಿ ಎಂದು.

ನಿನ್ನೆ ಬೆಳಿಗ್ಗೆ ಮಾವ ಮಾಂಸ ತರಲು ಪೇಟೆಗೆ ಹೋದ ಹೊತ್ತಿಗೆ ನಿಮ್ಮ ದನಿ ಬಂತು. "ಹಬೆ ಬರೋಕ್ಮುಂಚೆ ಕಡುಬಿನ ಮುಚ್ಚಳ ತೆಗೆದ್ರೆ ನಮ್ಮಮ್ಮ ಬೈತಿದ್ರು" ಎಂದಿರಿ. ಅತ್ತೆ ಸೆಟ್ಟಿಗೇ ಉತ್ತರ ಕೊಟ್ಟರು. "ಈಗ್ಲೂ ಬೈತೀನಿ ಕಣೆ." ಪಕ್ಕದಲ್ಲಿ ನಿಂತಿದ್ದ ಇವರ ಮುಖ ನೋಡಿದೆ. ಇವರು ನೆಲ ನೋಡಿದರು.

ಅಷ್ಟರಲ್ಲಿ ಜೀಪಿನ ಸದ್ದು. ಮಾವ ಕೈಚೀಲ ಹಿಡಿದು ಬಾಗಿಲಲ್ಲೇ ನಿಂತರು. ತಮ್ಮ ಮಾತು ಮೀರಿ ನೀವು ಮದುವೆಯಾಗಿ ಹೋದ ಎಂಟು ವರ್ಷದ ಮೇಲೆ ಕೇಳಿದರೂ ಅವರಿಗೆ ನಿಮ್ಮ ದನಿ ಗುರುತು ಹಿಡಿಯಲು ಒಂದು ಮಾತೂ ಬೇಕಾಗಲಿಲ್ಲ.

"ಯಾರು ಹಾಕಿದ್ದು?"

"ನಾನು ಮಾವ."

ಅವರು ನೆಟ್ಟಗೆ ಸ್ಟೋರಿಗೆ ಹೋಗಿ, ಕಂಪ್ಯೂಟರ್ ಆಫ್ ಮಾಡಿ, ಬೀಗ ಹಾಕಿಕೊಂಡು ಬಂದರು. ಬಂದು ನೋಡಿದರೆ ನೀವು ಇನ್ನೂ ಮಾತಾಡುತ್ತಲೇ ಇದ್ದಿರಿ. ಡೈರೆಕ್ಟರಿ ದಾರಿ ತೋರಿಸುತ್ತದೆ ಅಷ್ಟೇ ಅತ್ತಿಗೆ. ದಾರಿ ಸಿಕ್ಕ ಮೇಲೆ ಸೆಟ್ ನೇರ ನಿಮ್ಮ ಹತ್ತಿರ ಹೋಗಿರುತ್ತದೆ. ಮಾವನಿಗೆ ಅದು ಹೇಗೆ ಗೊತ್ತಾಗಬೇಕು? ಬೀಗದ ಕೈ ಹಿಡಿದು ಸೆಟ್ಟನ್ನೇ ನೋಡುತ್ತ ನಿಂತರು.

"ಇದ್ನ ಆಫ್ ಮಾಡವ್ವ" ಎಂದರು ನನಗೆ.

ಅತ್ತೆ ರಿಮೋಟನ್ನು ಮಡಿಲಿಗೆ ಹಾಕಿಕೊಂಡು ಸೆರಗು ಮುಚ್ಚಿದರು. "ಅವ್ಳಿಗ್ಯಾಕೆ ಹೇಳ್ತೀರಿ? ನಿಮ್ಗೆ ಬೇಡ್ದಿದ್ರೆ ನೀವೇ ಬಂದು ಒತ್ತಿ. ಗುಂಡಿ ಅಲ್ಲೇ ಐತೆ."

ಸೆಟ್ಟಿನ ಗುಂಡಿ ಅವರ ಕೈಗೆಟಕುವ ಹಾಗೇ ಇತ್ತು. ಮಾವ ಒತ್ತಲಿಲ್ಲ. ಜಗಲಿಗೆ ಹೋಗಿ, ನಮಗೆ ಬೆನ್ನು ಹಾಕಿ, ನೀವು ಮುಗಿಸುವವರೆಗೂ ಆಕಾಶ ನೋಡುತ್ತ ನಿಂತಿದ್ದರು. ಮಾಂಸದ ಚೀಲ ಕೈಯಲ್ಲೇ ಇತ್ತು.

ಸ್ಟೋರಿನ ಬೀಗದ ಕೈ ಈಗಲೂ ಅವರ ಜೇಬಿನಲ್ಲಿದೆ. ಸೆಟ್ ಒಮ್ಮೆ ಆರಿದರೆ ಮತ್ತೆ ದಾರಿ ಕೇಳುತ್ತದೆ, ಹೇಳುವವರಿಲ್ಲ. ಹಾಗಾಗಿ ನಿನ್ನೆಯಿಂದ ಸೆಟ್ ಆರಿಸಿಯೇ ಇಲ್ಲ. ದನಿ ತಗ್ಗಿಸಿ ಇಟ್ಟಿದ್ದೇವೆ. ಅತ್ತೆ ಹಾಸಿಗೆಯನ್ನೂ ಹಜಾರಕ್ಕೆ ತಂದಿದ್ದಾರೆ. ದಿನದ ಪವರ್ ಕಟ್ಟಿಗೆ ಇನ್ವರ್ಟರ್ ತಡೆಯುತ್ತದೆ. ಆದರೆ ಮೊದಲ ಮಳೆಗೆ ಮರ ಬಿದ್ದು ಲೈನ್ ಹೋದರೆ ಎರಡು ದಿನ ಕರೆಂಟ್ ಇರುವುದಿಲ್ಲವಂತೆ. ಮೊಗ್ಗು ಕಟ್ಟಿ ನಿಂತ ಕಾಫಿಗೆ ಹೂಮಳೆ ಬೇಕೆಂದು ಇಡೀ ಹೋಬಳಿ ಕೈಮುಗಿಯುತ್ತಿದೆ. ಭಾನುವಾರದವರೆಗೆ ಬೇಡ ದೇವರೇ ಎಂದು ನಾನೊಬ್ಬಳು ಬೇಡುತ್ತಿದ್ದೇನೆ. ಅತ್ತೆ ಏನು ಬೇಡುತ್ತಿದ್ದಾರೋ ಕೇಳಲು ಧೈರ್ಯವಿಲ್ಲ.

ಇದನ್ನು ಸ್ಪೀಡ್ ಪೋಸ್ಟ್ ಮಾಡುತ್ತೇನೆ. ಭಾನುವಾರ ಕಾರ್ಯಕ್ರಮದಲ್ಲಿ ಯಾವುದಾದರೂ ನೆಪ ತೆಗೆದು "ನಮ್ಮ ಕಡೆ ಹೂಮಳೆ ಬಂತಾ ಅಪ್ಪ" ಎಂದು ಒಂದು ಮಾತು ಕೇಳುತ್ತೀರಾ? ಮಾವ ಜಗಲಿಯಲ್ಲೇ ಇರುತ್ತಾರೆ ಎಂದು ನನ್ನ ಮನಸ್ಸು ಹೇಳುತ್ತದೆ.

ನಿಮಗೂ ನಿಮ್ಮ ಮನೆಯವರಾದ ಅಣ್ಣನಿಗೂ ಒಳ್ಳೆಯದಾಗಲಿ. ಚಿಕ್ಕವಳಾದರೂ ಹರಸುತ್ತಿದ್ದೇನೆ, ಹಿರಿಯರ ಪಾಲಿನದನ್ನೂ ಸೇರಿಸಿ.

ನಿಮ್ಮ
ನವ್ಯಾ

ಮರೆತದ್ದು: ಸ್ಟೇಷನ್ ಹುಡುಕಿ ಹಾಕಿದೆ ಎಂದು ಜಂಬದಿಂದ ಬರೆದೆ. ಹಾಕಲು ಹೋದಾಗ ಅದು ಡೈರೆಕ್ಟರಿಯಲ್ಲಿ ಆಗಲೇ ಇತ್ತು. ಕಂಪ್ಯೂಟರ್ ಆ ಸಾಲನ್ನು ಓದದಂತೆ ಅದರ ಮುಂದೆ ಯಾರೋ ಒಂದು ಗುರುತು ಮಾತ್ರ ಹಾಕಿದ್ದರು. ಕೈತಪ್ಪಿರಬೇಕು ಅಂದುಕೊಂಡು ಅಳಿಸಿದ್ದೆ. ನಿನ್ನೆ ಇವರನ್ನು ಕೇಳಿದೆ. ಹಾಕಿದ್ದು ಇವರೇ, ನಮ್ಮ ಮದುವೆಯ ಹಿಂದಿನ ದಿನ. "ನೀನು ಬಂದು ಯಾರ ದನಿ ಅಂತ ಕೇಳಿದ್ರೆ ಏನ್ ಹೇಳ್ಲಿ? ನಿಮ್ಮನೆಯೋರಿಗೆ ಒಬ್ಬನೇ ಮಗ ಅಂತ ಹೇಳಿದ್ವಲ್ಲ" ಎಂದರು. ಅತ್ತೆಗೂ ಇದು ಗೊತ್ತಿತ್ತಂತೆ. ನನ್ನನ್ನು ಈ ಮನೆ ತುಂಬಿಸಿಕೊಳ್ಳಲು ನಿಮ್ಮ ದನಿಯನ್ನು ಹೊರಗಿಟ್ಟಿದ್ದಾರೆ ಅತ್ತಿಗೆ. ಅದು ಗೊತ್ತಿದ್ದೂ ಅತ್ತೆ ಮೂರು ತಿಂಗಳು ಪಕ್ಕದಲ್ಲಿ ಕೂರಿಸಿಕೊಂಡು ನನಗೆ ಕಡುಬು ಕಲಿಸಿದರು.