ಬಲಮುರಿ ಕಲ್ಲು

ನಾಗಮಂಗಲ
ಆನಂದ ಸಂವತ್ಸರ, ಕಾರ್ತಿಕ ಶುದ್ಧ ಪಂಚಮಿ

ಗೋವಿಂದನಹಳ್ಳಿಯ ತವರಿನಲ್ಲಿರುವ ಪುಟ್ಟಲಕ್ಷ್ಮಮ್ಮನಿಗೆ,

ಗಂಡನಾದವನು ಆಶೀರ್ವಾದ ಎಂದು ಶುರುಮಾಡಬೇಕು. ಎರಡು ಸಲ ಬರೆದೆ, ಎರಡು ಸಲವೂ ಹೊಡೆದುಹಾಕಿದೆ. ನಿನ್ನನ್ನು ಹರಸುವ ಯೋಗ್ಯತೆ ನನಗಿಲ್ಲ. ಅದಕ್ಕೇ ಬರಿ ಹೆಸರು ಬರೆದಿದ್ದೇನೆ.

ಬೂಕನಕೆರೆ ಸಂತೆಗೆ ತಂಬಿಗೆ ಮಾರಲು ಹೊರಟಿರುವ ದೇವಯ್ಯನ ಕೈಲಿ ಈ ಕಾಗದವನ್ನೂ ಒಂದು ಗಂಟನ್ನೂ ಕಳಿಸುತ್ತಿದ್ದೇನೆ. ಓದಿ ಮುಗಿಸುವ ತನಕ ಗಂಟು ಬಿಚ್ಚಬೇಡ. ಬೇರೆ ಯಾರ ಕೈಲೂ ಓದಿಸಬೇಡ. ನಿನ್ನ ತಮ್ಮ ಶಿವಣ್ಣ ಅಚ್ಚಿನ ಮರಳಿನ ಮೇಲೆ ನಿನಗೆ ಅಕ್ಷರ ತಿದ್ದಿಸುವಾಗ, ಹೆಂಗಸಿಗೆ ಇದೆಲ್ಲ ಯಾಕೆ ಎಂದು ನಗೆಯಾಡಿದವನು ನಾನೇ. ಈಗ ಆ ಅಕ್ಷರವೇ ನನ್ನ ಮಾನ ಕಾಯಬೇಕಾಗಿದೆ.

ಆಷಾಢದಲ್ಲಿ ಶಿವಣ್ಣನ ತಿಥಿಯ ದಿನ ನೀನು ಹೊರಟುಹೋದೆ. ಯಾಕೆಂದು ಊರಿಗೆ ಗೊತ್ತಿಲ್ಲ. ಸಾರಿಗೆ ಉಪ್ಪು ಜಾಸ್ತಿಯಾಯಿತೆಂದು ನಾನು ನಿನ್ನನ್ನು ಬೈದೆನಂತೆ, ಓಣಿಯಲ್ಲಿ ಹಾಗೆ ಮಾತು. ನಾನು ಅಲ್ಲ ಎನ್ನಲಿಲ್ಲ. ನಿಜಕ್ಕಿಂತ ಆ ಅಪವಾದವೇ ಹಗುರವಾಗಿತ್ತು.

ಅವತ್ತು ನಿನ್ನ ಅವ್ವ ಮೂಗಮ್ಮನವರ ದೇವರ ಗೂಡಿಗೂ ಒಂದಿರಲಿ ಎಂದು, ದಂಡಿನಿಂದ ನಾನು ತಂದ ನಮ್ಮ ಬಲಮುರಿ ಕಲ್ಲಿನ ಗುಣಿಗೆ, ಶಂಖದ ಸುರುಳಿಯಿದ್ದ ಆ ತಗ್ಗಿಗೆ, ನೀನು ಮೇಣ ಒತ್ತಿದೆ. ನೀನು ಎರಕದವರ ಮಗಳು, ಎರಕದವರ ಮನೆ ಸೊಸೆ. ಮೇಣ ಬಿಡಿಸಿದ ಕೂಡಲೇ ನಿನಗೆ ತಿಳಿದುಹೋಯಿತು. ಗುಣಿಯಲ್ಲಿ ಬಲಕ್ಕೆ ಸುತ್ತಿದ್ದ ಸುರುಳಿ ಮೇಣದಲ್ಲಿ ಎಡಕ್ಕೆ ತಿರುಗಿತ್ತು. ಅದು ಬಲಮುರಿ ಶಂಖವಲ್ಲ, ಯಾವುದೋ ಸಾಮಾನ್ಯ ಕಡಲಹುಳುವಿನ ಚಿಪ್ಪು ಒತ್ತಿಹೋದ ಅಚ್ಚು. ನೀನು ಮೇಣವನ್ನು ನನ್ನ ಅಡಿಗಲ್ಲಿನ ಮೇಲಿಟ್ಟು, ಕಲ್ಲನ್ನು ಸೆರಗಿನಲ್ಲಿ ಕಟ್ಟಿಕೊಂಡು ನಡೆದೆ.

ಅಷ್ಟೇ ಆಗಿದ್ದರೆ ಮಾರನೆಯ ದಿನವೇ ಬಂದು ತಪ್ಪಾಯಿತು ಎನ್ನುತ್ತಿದ್ದೆ. ಮೊನ್ನೆ ಮೂಗಮ್ಮನವರು ಹೇಳಿಕಳಿಸಿದರು, ನೀನು ಈಗಲೂ ದಿನಾ ಆ ಕಲ್ಲಿಗೆ ನೀರೆರೆಯುತ್ತೀಯಂತೆ. ಬಲಮುರಿಯಲ್ಲದಿದ್ದರೆ ಬೇಡ, ಕೊನೆಗಾಲದಲ್ಲಿ ನನ್ನ ತಮ್ಮ ಕಣ್ಣಿಗೊತ್ತಿಕೊಂಡದ್ದು ಎನ್ನುತ್ತೀಯಂತೆ. ಅದನ್ನು ಕೇಳಿದ ಮೇಲೆ ನನಗೆ ಅನ್ನ ಇಳಿಯುತ್ತಿಲ್ಲ. ಪುಟ್ಟಲಕ್ಷ್ಮಿ, ಅವನು ಅದನ್ನು ಮುಟ್ಟಲೇ ಇಲ್ಲ. ನೋಡಲೂ ಇಲ್ಲ.

ಹದಿಮೂರು ವರ್ಷದ ಹಿಂದೆ, ಪ್ಲವ ಸಂವತ್ಸರದಲ್ಲಿ, ಸರ್ಕಾರದ ದಂಡು ತಿರುಚಿರಾಪಳ್ಳಿ ಸೀಮೆಗೆ ಇಳಿದಾಗ ಫಿರಂಗಿಗಳ ದುರಸ್ತಿಗೆಂದು ನಮ್ಮಿಬ್ಬರನ್ನೂ ಕರೆದೊಯ್ದದ್ದು ನಿನಗೆ ಗೊತ್ತು. ನಾನು ಎರಕಕ್ಕೆ, ಅವನು ಅರ ಹಾಕಿ ಉಜ್ಜಿ ನಯಮಾಡುವುದಕ್ಕೆ. ಅಲ್ಲಿನ ಒಂದು ಬಯಲಲ್ಲಿ, ಮಳೆ ಕೊರೆದ ಕೊರಕಲುಗಳ ತುಂಬ ಕಲ್ಲಾದ ಬಸವನಹುಳುಗಳಿದ್ದವು. ಮೊದಲು ಕಂಡಾಗ ಯಾರೋ ನಮ್ಮವನೇ ಕಡೆದು ಎಸೆದಿದ್ದಾನೆ ಎಂದುಕೊಂಡೆ. ಕೆಲವು ಬುಗುರಿಯಷ್ಟು, ಕೆಲವು ಕಡಲೆಕಾಳಿನಷ್ಟು. ಏಣು, ಗೀರು, ಬಾಯಿಯ ಅಂಚು, ಒಂದೂ ಅಳಿಸಿರಲಿಲ್ಲ. ಸುಣ್ಣ ಸುಡುವ ಮುದುಕಿಯೊಬ್ಬಳು ತನ್ನ ಭಾಷೆಯಲ್ಲಿ, ಇಲ್ಲಿ ಒಂದು ಕಾಲಕ್ಕೆ ಕಡಲಿತ್ತು, ಇಂಥ ದಪ್ಪ ಚಿಪ್ಪು ಬೆಚ್ಚನೆಯ ನೀರಿನಲ್ಲೇ ಬೆಳೆಯೋದು ಎಂದಳು. ಕಡಲು ಅಲ್ಲಿಂದ ಎಷ್ಟೋ ಹರದಾರಿ ದೂರ. ನನಗೆ ಹುಚ್ಚು ಹಿಡಿಯಿತು. ಕೆಲಸ ಬಿಟ್ಟ ಕೂಡಲೇ ಆಯಲು ಓಡುತ್ತಿದ್ದೆ. ಶಿವಣ್ಣ, ಅಕ್ಕ ಕಂಡರೆ ಒಲೆಗೆ ಹಾಕುತ್ತಾಳೆ ಎಂದು ನಗುತ್ತಿದ್ದ.

ಆಮೇಲೆ ಅವನಿಗೆ ಜ್ವರ ಬಂತು. ಮೂರನೆಯ ದಿನ ಮಧ್ಯಾಹ್ನ ತುಟಿ ಒಣಗಿ ನೀರು ಕೇಳಿದ. ಬಿಡಾರದ ನೀರು ಕದಡಿಹೋಗಿತ್ತು. ಕೊರಕಲಿನ ಆಚೆ ಒಂದು ಒರತೆಯಿತ್ತು, ತಂಬಿಗೆ ಹಿಡಿದು ಎದ್ದೆ. ಆ ಸಂಕಟದಲ್ಲೂ ಅವನು, "ಭಾವ, ಕಲ್ಲು ಕಂಡ್ರೆ ಅಲ್ಲೇ ಕುಂತ್ಕಬ್ಯಾಡಿ" ಅಂದ. ಇಲ್ಲ ಕಣೋ, ಈಗ ಬಂದೆ ಎಂದು ಹೇಳಿ ಹೋದೆ.

ನೀರು ತುಂಬಿಕೊಂಡೆ. ವಾಪಸು ಬರುತ್ತಿದ್ದೆ. ಕೊರಕಲಿನ ಗೋಡೆಯಲ್ಲಿ ಬಲಕ್ಕೆ ತಿರುಗಿದ ಸುರುಳಿ ಕಂಡಿತು. ಅಷ್ಟು ದಿನ ಆಯ್ದದ್ದರಲ್ಲಿ ಒಂದೂ ಹಾಗಿರಲಿಲ್ಲ. ಬಲಮುರಿ, ಅದೂ ಕಲ್ಲಿನದು! ತಂಬಿಗೆ ಕೆಳಗಿಟ್ಟು ಉಳಿ ತೆಗೆದೆ. ಬಿರುಕು ಬಿಟ್ಟೀತೆಂದು ಗೀರು ಗೀರಾಗಿ ಕೆತ್ತಿದೆ. ಹುಟ್ಟಿದಾಗಿನಿಂದ ಅಚ್ಚು ನೋಡುತ್ತ ಬೆಳೆದವನು, ಗುಣಿಯಲ್ಲಿ ಎಲ್ಲವೂ ತಿರುಗುಮುರುಗಾಗಿ ಕಾಣುತ್ತದೆಂದು ಕಸುಬು ಕಲಿಯುವವರಿಗೆ ಗದರಿ ಹೇಳುವವನು, ಅವತ್ತು ಅದನ್ನು ಮರೆತೆ. ಆಸೆ ಕಣ್ಣಿಗೆ ಕವಿದಿತ್ತು. ಕಲ್ಲು ಕೈಗೆ ಬಂದಾಗ ಹೊತ್ತು ಇಳಿದಿತ್ತು. ಎದ್ದ ಅವಸರಕ್ಕೆ ಕಾಲು ತಾಗಿ ತಂಬಿಗೆ ಉರುಳಿತು. ಮತ್ತೆ ಒರತೆಗೆ ಹೋಗಿ ತುಂಬಿಕೊಂಡು ಬಂದೆ.

ನಾನು ಬರುವಷ್ಟರಲ್ಲಿ ಅವನು ಹೋಗಿದ್ದ. ಪಕ್ಕದ ಬಿಡಾರದಲ್ಲಿ ಅಡುಗೆ ಮಾಡುತ್ತಿದ್ದ ಬೂಕನಕೆರೆಯ ದಾಸಯ್ಯ ಕೈಹಿಡಿದು ಕೂತಿದ್ದ. ಏನೂ ಮಾತಾಡಲಿಲ್ಲ, ನಿದ್ದೆಯಲ್ಲೇ ಹೋದ ಎಂದ. ಕಲ್ಲು ನನ್ನ ಕೈಲೇ ಇತ್ತು. ಅದು ಬರಿ ಅಚ್ಚು ಎಂದು ಮಾರನೆಯ ಬೆಳಿಗ್ಗೆ ಗೊತ್ತಾಯಿತು.

ಊರಿಗೆ ಬಂದು ನಿಮ್ಮೆದುರು ನಿಂತಾಗ, ನನ್ನ ತೊಡೆಯ ಮೇಲೆ ತಲೆಯಿಟ್ಟು ನೀರು ಕುಡಿದ, ಬಲಮುರಿಯನ್ನು ಕಣ್ಣಿಗೊತ್ತಿಕೊಂಡು ಹೋದ ಎಂದೆ. ಮೂಗಮ್ಮನವರು ನನ್ನ ಕೈಗಳನ್ನು ಹಿಡಿದು, ನೀನಾದರೂ ಹತ್ತಿರ ಇದ್ದೆಯಲ್ಲಪ್ಪ ಎಂದು ಅತ್ತರು. ಆ ಕೈಗಳನ್ನು ಆವತ್ತೇ ಕುಲುಮೆಗೆ ಇಡಬೇಕಿತ್ತು. ಎರಡು ವರ್ಷದ ಹಿಂದೆ ಪರದಂಡು ಬಂತೆಂದು ಊರೇ ಗುಳೆ ಎದ್ದಾಗ, ನೀನು ಪಾತ್ರೆಪಡಗ ಬಿಟ್ಟು ಆ ಕಲ್ಲನ್ನು ಮಡಿಲಲ್ಲಿಟ್ಟುಕೊಂಡು ಓಡಿದೆ. ನಾನು ಹಿಂದೆಯೇ ಬರುತ್ತಿದ್ದೆ. ಆಗಲೂ ಬಾಯಿ ಬಿಡಲಿಲ್ಲ.

ಈಗ ಗಂಟಿನ ಮಾತು. ಅವನ ಕಂಬಳಿ ಎಲ್ಲಿ ಎಂದು ನೀನು ಕೇಳಿದ್ದೆ, ಅವನಿಗೇ ಹೊದಿಸಿ ಮಣ್ಣು ಮಾಡಿದೆ ಎಂದಿದ್ದೆ. ಸುಳ್ಳು. ಅವನನ್ನು ಬರಿಮೈಯಲ್ಲಿ ಮಣ್ಣಿಗಿಟ್ಟು, ಆ ಕಂಬಳಿಯಲ್ಲಿ ನನ್ನ ಚಿಪ್ಪುಗಳನ್ನು ಕಟ್ಟಿ ತಂದೆ. ಹದಿಮೂರು ವರ್ಷ ಅಚ್ಚಿನ ಮಣ್ಣಿನ ಗುಡಾಣದ ಅಡಿಯಲ್ಲಿ ಬಚ್ಚಿಟ್ಟಿದ್ದೆ. ಚಿಪ್ಪುಗಳನ್ನು ನಿನ್ನೆ ಕೆರೆಗೆ ಸುರಿದೆ. ಕಂಬಳಿಯನ್ನು ಝಾಡಿಸಿ ಕಳಿಸಿದ್ದೇನೆ. ಅಂಚಿನಲ್ಲಿ ನೀನು ಹಾಕಿದ ಕೆಂಪು ಹೊಲಿಗೆ ಹಾಗೇ ಇದೆ.

ವಾಪಸು ಬಾ ಎಂದು ಕೇಳಲು ಈ ಕಾಗದ ಬರೆದಿಲ್ಲ. ಆ ಕಲ್ಲಿಗೆ ನೀರೆರೆಯುವುದನ್ನು ನಿಲ್ಲಿಸು. ನೀರು ಬೇಕಾಗಿದ್ದದ್ದು ಅವನಿಗೆ.

ಎರಕದ ಕಾಳಪ್ಪ

ಮತ್ತೆ ಬರೆದದ್ದು: ಕಾಗದ ಮಡಿಸಿ ದೇವಯ್ಯನ ಕೈಗೆ ಕೊಟ್ಟು ಮತ್ತೆ ಈಸಿಕೊಂಡೆ. ಮೇಲೆ ಒಂದು ಸುಳ್ಳು ಉಳಿದಿದೆ. ಶಿವಣ್ಣ ನಿದ್ದೆಯಲ್ಲಿ ಹೋಗಲಿಲ್ಲ, ಕೊನೆಯ ತನಕ ಎಚ್ಚರವಾಗಿದ್ದ. ದಾಸಯ್ಯ ಅವತ್ತೇ ನನಗೆ ತಿಳಿಸಿದ್ದ. ಭಾವ ಎಲ್ಲಿ ಎಂದು ತಾನು ಕೇಳಿದ್ದಕ್ಕೆ ಶಿವಣ್ಣ ಹೇಳಿದನಂತೆ: "ಕಲ್ಲು ಆಯ್ಕೊಂಡು ಕುಂತಿರ್ತಾರೆ, ಬತ್ತಾರೆ ಬುಡಿ. ನಮ್ಮಕ್ಕುಂಗೆ ಮಾತ್ರ ಯೋಳ್ಬ್ಯಾಡಿ, ಪಾಪ, ಬಯ್ತಾಳೆ." ಅವನ ಆ ಮಾತಿನ ಮರೆಯಲ್ಲೇ ಹದಿಮೂರು ವರ್ಷ ಕೂತಿದ್ದೆ.